ನಾಯಿಯ ಮೈಮೇಲಿನ ಉಣ್ಣಿ: ಬೆಂಕಿಯೂ ಬೇಡ, ಬೆಳೆಯ ವಿಷವೂ ಬೇಡ

ಆರೋಗ್ಯ ವಿಭಾಗದಲ್ಲಿ ನಾಯಿಯ ಉಣ್ಣಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುನೋವುಗಳ ಕುರಿತು ಬರೆಯುವ ಪುಟಗಳಲ್ಲಿ ಎಳ್ಳುಕಾಳಿನಷ್ಟು ಗಾತ್ರದ ಈ ಜೀವಿಗೆ ಸ್ಥಳ ಕೊಟ್ಟುದಕ್ಕೆ ಕಾರಣವುಂಟು. ನಮ್ಮ ಸದ್ಭಕ್ತರಲ್ಲಿ ಬಹಳ ಜನ ಒಕ್ಕಲುತನದ ಮನೆತನದವರು. ಅವರ ಮನೆಯ ಕಟ್ಟೆಯ ಮೇಲೆ, ತೋಟದ ಮನೆಯ ಅಂಗಳದಲ್ಲಿ, ಕಣದ ಕಾವಲಿಗೆ ಒಂದು ನಾಯಿ ಇದ್ದೇ ಇರುತ್ತದೆ. ಮಠಗಳ ದಾಸೋಹ ಮನೆಯ ಹಿತ್ತಲಿನಲ್ಲಿ, ವಿದ್ಯಾರ್ಥಿ ಪ್ರಸಾದ ನಿಲಯಗಳ ಪಡಸಾಲೆಯಲ್ಲಿ ಯಾರದೂ ಅಲ್ಲದ, ಎಲ್ಲರದೂ ಆದ ಎರಡು ಮೂರು ನಾಯಿಗಳು ಮಲಗಿರುತ್ತವೆ. ಆ ನಾಯಿಗಳ ಕಿವಿಯಲ್ಲಿ, ಕೊರಳಿನಲ್ಲಿ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಕಚ್ಚಿಕೊಂಡಿರುವುದನ್ನು ನೋಡಿಯೂ ನೋಡದಂತೆ ಹೋಗುವುದು ಒಂದು ತಪ್ಪು. ನೋಡಿದ ಕೂಡಲೇ ಕೈಗೆ ಸಿಕ್ಕಿದ ಬೆಂಕಿಯನ್ನೋ ವಿಷವನ್ನೋ ಪ್ರಯೋಗಿಸುವುದು ಅದಕ್ಕಿಂತ ದೊಡ್ಡ ತಪ್ಪು. ಈ ಎರಡನೆಯದರ ಬಗೆಗೆ ನಾವು ತುಸು ನಿಷ್ಠುರವಾಗಿಯೇ ಬರೆಯಬೇಕೆಂದಿದ್ದೇವೆ. ಉಣ್ಣಿಯಿಂದ ಸಾಯದ ನಾಯಿ ಉಣ್ಣಿಯ ಔಷಧದಿಂದ ಸತ್ತುದನ್ನು ಕೇಳದ ಊರು ನಮ್ಮಲ್ಲಿ ವಿರಳ.

ಉತ್ತರದ ಜಿಲ್ಲೆಗಳಲ್ಲಿ ಉಣ್ಣಿಯೆಂದೂ ಮಲೆನಾಡಿನ ಕಡೆ ಉಣುಗು ಎಂದೂ ಕರೆಯಲಾಗುವ ಈ ಪ್ರಾಣಿ ಕೀಟವಲ್ಲ. ಜೇಡ, ಚೇಳುಗಳ ಬಳಗಕ್ಕೆ ಸೇರಿದುದು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು, ಬೆಳೆದ ಮೇಲೆ ಎಂಟು. ನಮ್ಮ ನಾಯಿಗಳ ಮೇಲೆ ಹೆಚ್ಚಾಗಿ ಕಾಣಸಿಗುವುದು ಕಂದು ಬಣ್ಣದ ನಾಯಿ ಉಣ್ಣಿ. ವಿಜ್ಞಾನಿಗಳು ಅದನ್ನು ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎನ್ನುತ್ತಾರೆ. ಹಸಿದಿರುವಾಗ ಚಪ್ಪಟೆಯಾಗಿ ಎಳ್ಳಿನಂತಿರುವ ಹೆಣ್ಣು ಉಣ್ಣಿ ಒಂದು ವಾರದ ಮಟ್ಟಿಗೆ ರಕ್ತ ಹೀರಿ ಬೂದು ಬಣ್ಣಕ್ಕೆ ತಿರುಗಿ ಔಡಲ ಬೀಜದಂತೆ ಉಬ್ಬುತ್ತದೆ. ಈ ಹೋಲಿಕೆ ನಮ್ಮದಷ್ಟೇ ಅಲ್ಲ. ಔಡಲ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿರುವ ರಿಸಿನಸ್ ಎಂಬ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ ಉಣ್ಣಿ ಎಂದೇ ಅರ್ಥ.

ಉಣ್ಣಿ ಕಚ್ಚುವ ಬಗೆಯನ್ನು ತಿಳಿದರೆ ಅದನ್ನು ತೆಗೆಯುವ ಬಗೆ ತಾನಾಗಿ ತಿಳಿಯುತ್ತದೆ. ಅದರ ಬಾಯಲ್ಲಿ ಹಿಮ್ಮುಖವಾಗಿ ಬಾಗಿದ ಸಣ್ಣ ಮುಳ್ಳುಗಳುಳ್ಳ ಒಂದು ಸೂಜಿಯಂತಹ ಅಂಗವಿದೆ. ಅದನ್ನು ಚರ್ಮದೊಳಕ್ಕೆ ಇಳಿಸಿ, ಸುತ್ತಲೂ ಅಂಟಿನಂತಹ ಒಂದು ದ್ರವವನ್ನು ಸ್ರವಿಸಿ ಗಟ್ಟಿಮಾಡಿಕೊಳ್ಳುತ್ತದೆ. ಗಾರೆ ಹಾಕಿ ಗೂಟ ನೆಟ್ಟಂತೆ. ಅದರ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶಗಳಿರುವುದರಿಂದ ನಾಯಿಗೆ ಮೊದಲಲ್ಲಿ ಅದು ಕಚ್ಚಿದ ಅರಿವೇ ಆಗುವುದಿಲ್ಲ. ರಕ್ತವನ್ನು ಒಳಕ್ಕೆಳೆಯುವುದು, ಜೊಲ್ಲನ್ನು ಹೊರಕ್ಕೆ ಬಿಡುವುದು ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ. ರೋಗದ ಸೂಕ್ಷ್ಮಜೀವಿಗಳು ನಾಯಿಯ ದೇಹ ಸೇರುವುದು ಆ ಜೊಲ್ಲಿನೊಂದಿಗೆ.

ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ನಮ್ಮಲ್ಲಿ ರೂಢಿಯಲ್ಲಿರುವ ಉಪಾಯಗಳನ್ನು ನೋಡೋಣ. ಉರಿಯುವ ಊದಿನಕಡ್ಡಿಯ ತುದಿಯನ್ನೋ ಬೀಡಿಯ ಕೆಂಡವನ್ನೋ ಉಣ್ಣಿಗೆ ತಾಗಿಸಿದರೆ ಅದು ತಾನಾಗಿ ಬಿಟ್ಟು ಓಡುತ್ತದೆಂಬ ನಂಬಿಕೆ ಬಹು ಹಳೆಯದು. ಗಾರೆಯಲ್ಲಿ ನೆಟ್ಟ ಗೂಟ ಓಡಿಹೋಗುವುದು ಹೇಗೆ? ಸುಡುವ ಸಂಕಟದಲ್ಲಿ ಉಣ್ಣಿ ಮಾಡುವ ಕೆಲಸವೆಂದರೆ ಹೊಟ್ಟೆಯಲ್ಲಿದ್ದುದನ್ನೂ ಜೊಲ್ಲನ್ನೂ ಗಾಯದೊಳಕ್ಕೆ ಕಕ್ಕುವುದು. ಯಾವುದನ್ನು ತಪ್ಪಿಸಬೇಕೆಂದು ನಾವು ಉಣ್ಣಿಯನ್ನು ತೆಗೆಯಹೊರಟೆವೋ ಅದನ್ನೇ ಅವಸರಪಡಿಸಿದಂತಾಯಿತು. ನಾಯಿಯ ಕೂದಲು ಹೊತ್ತಿಕೊಳ್ಳುವ, ಚರ್ಮ ಬೇಯುವ, ನೋವಿನಿಂದ ಅದು ತಿರುಗಿ ಕಚ್ಚುವ ಅಪಾಯ ಬೇರೆ. ಸೀಮೆಎಣ್ಣೆ, ಪೆಟ್ರೋಲು, ಸುಣ್ಣ, ಟರ್ಪೆಂಟೈನ್ ಹಚ್ಚುವುದೂ ಇದೇ ಜಾತಿಯ ಉಪಾಯ. ಎಣ್ಣೆ ಸವರಿ ಉಸಿರು ಕಟ್ಟಿಸುತ್ತೇವೆಂಬುದೂ ಸಲ್ಲದ ಮಾತು. ಉಣ್ಣಿ ಉಸಿರಾಡುವುದು ಬಹಳ ನಿಧಾನ, ಅದು ಸಾಯುವಷ್ಟರಲ್ಲಿ ಬಿಡಬೇಕಾದ ಜೊಲ್ಲನ್ನೆಲ್ಲ ಬಿಟ್ಟಿರುತ್ತದೆ.

ಇನ್ನು ಮನೆಮದ್ದುಗಳು. ಮನೆಮದ್ದಿನ ವಿಷಯದಲ್ಲಿ ನಮ್ಮ ಪತ್ರಿಕೆಯ ಓದುಗರಿಗೆ ಇರುವ ಅಭಿಮಾನವನ್ನು ನಾವು ಬಲ್ಲೆವು, ಗೌರವಿಸುತ್ತೇವೆ ಕೂಡ. ಆದರೆ ಮನುಷ್ಯನಿಗೆ ಹಿತವಾದುದೆಲ್ಲ ನಾಯಿಗೆ ಹಿತವಲ್ಲ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣಿ ಹತ್ತುವುದಿಲ್ಲವೆಂದು ಹೇಳುವವರಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಉಣ್ಣಿಯಿಂದ ಮೊದಲೇ ರಕ್ತ ಕಳೆದುಕೊಂಡ ನಾಯಿಗೆ ಅದು ಗಾಯದ ಮೇಲೆ ಬರೆ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಮೈಗೆ ಹಚ್ಚುತ್ತಾರೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿ. ಹೊಟ್ಟೆ ಸೇರಿದ ಕರ್ಪೂರ ಅದಕ್ಕೆ ಸೆಳವು ತರಬಲ್ಲದು. ಹೊಗೆಸೊಪ್ಪು ನೆನೆಸಿದ ನೀರು ನೇರವಾಗಿ ವಿಷವೇ. ಬೇವಿನ ಎಣ್ಣೆಯ ವಾಸನೆಗೆ ಉಣ್ಣಿಗಳು ಸ್ವಲ್ಪ ದೂರ ನಿಲ್ಲಬಹುದು, ಅಷ್ಟೇ. ಈಗಾಗಲೇ ಕಚ್ಚಿ ಕುಳಿತ ಉಣ್ಣಿಯನ್ನು ಅದು ಬಿಡಿಸಲಾರದು.

ಇವೆಲ್ಲಕ್ಕಿಂತ ಭೀಕರವಾದುದು ಬೆಳೆಗೆ ಹೊಡೆಯುವ ಔಷಧವನ್ನು ನಾಯಿಯ ಮೈಗೆ ಸುರಿಯುವುದು. ಹತ್ತಿಗೆ, ತೊಗರಿಗೆ, ಕಬ್ಬಿಗೆ ತಂದು ಉಳಿದ ಡಬ್ಬಿ ದನದ ಕೊಟ್ಟಿಗೆಯ ಮಾಡದಲ್ಲಿರುತ್ತದೆ. ಹುಳು ಸಾಯಿಸುವುದು ಉಣ್ಣಿಯನ್ನೂ ಸಾಯಿಸೀತು ಎಂಬ ಸರಳ ತರ್ಕದಿಂದ ಅಳತೆಯಿಲ್ಲದೆ ಬಕೆಟ್ಟಿನಲ್ಲಿ ಬೆರೆಸಿ ನಾಯಿಯನ್ನು ತೋಯಿಸುತ್ತಾರೆ. ಮೋನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್, ಫೋರೇಟ್ ಮೊದಲಾದವು ಒಂದೇ ಕುಟುಂಬದ ವಿಷಗಳು. ಚರ್ಮದ ಮೂಲಕವೂ, ನೆಕ್ಕಿದಾಗ ಬಾಯಿಯ ಮೂಲಕವೂ ದೇಹ ಸೇರಿ ನರಗಳನ್ನು ಹಿಡಿಯುತ್ತವೆ. ಮೊದಲು ಬಾಯಲ್ಲಿ ಜೊಲ್ಲು ಧಾರೆಯಾಗಿ ಸುರಿಯುತ್ತದೆ; ವಾಂತಿ ಭೇದಿ ಆಗುತ್ತವೆ; ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ; ಮೈ ನಡುಗುತ್ತದೆ; ಕೊನೆಗೆ ಸೆಳವು ಬಂದು, ಉಸಿರಾಟದ ಸ್ನಾಯುಗಳು ಸೋತು ನಾಯಿ ಪ್ರಾಣ ಬಿಡುತ್ತದೆ. ಇದೆಲ್ಲ ಕೆಲವೇ ಗಂಟೆಗಳ ಆಟ. ವೈದ್ಯರ ಬಳಿ ಅಟ್ರೋಪಿನ್ ಚುಚ್ಚುಮದ್ದು ಇರುತ್ತದೆ, ಬೇಗ ಕರೆದೊಯ್ದರೆ ಉಳಿಯುವುದೂ ಉಂಟು. ಆದರೆ ರಾತ್ರಿ ಹೊತ್ತಿನಲ್ಲಿ, ಹೋಬಳಿ ಕೇಂದ್ರದಿಂದ ದೂರದ ತೋಟದ ಮನೆಯಲ್ಲಿ ಆ ವೈದ್ಯರು ಎಲ್ಲಿ ಸಿಗಬೇಕು? ಇಂಥದು ಆಗಿಯೇ ಹೋದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಾಯಿಯ ಮೈಯನ್ನು ಸೋಪು ಮತ್ತು ಧಾರಾಳ ನೀರಿನಿಂದ ತೊಳೆದು, ಔಷಧದ ಡಬ್ಬಿಯನ್ನೂ ಜೊತೆಗೊಯ್ದು ಪಶುವೈದ್ಯರಿಗೆ ತೋರಿಸಬೇಕು. ತೊಳೆಯುವವರ ಕೈಗೆ ಹತ್ತಿದ ವಿಷ ಅವರಿಗೂ ವಿಷವೇ ಎಂಬುದನ್ನು ಮರೆಯಬಾರದು. ಅಂಗಳದಲ್ಲಿ ಅದೇ ನಾಯಿಯ ಕೊರಳು ತಬ್ಬಿ ಆಡುವ ಮಕ್ಕಳ ಮಾತು ಇನ್ನೂ ಬೇರೆ.

ದನಗಳಿಗೆಂದು ತಂದ ಉಣ್ಣಿ ಔಷಧದ ವಿಷಯದಲ್ಲೂ ಎಚ್ಚರ ಬೇಕು. ಡೆಲ್ಟಾಮೆಥ್ರಿನ್, ಅಮಿಟ್ರಾಜ್‌ಗಳನ್ನು ಪಶುವೈದ್ಯರು ನಾಯಿಗಳಿಗೂ ಬರೆದುಕೊಡುವುದುಂಟು. ಆದರೆ ಎಷ್ಟು ನೀರಿಗೆ ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವ ವಯಸ್ಸಿನ ನಾಯಿಗೆ ಎಂಬುದೆಲ್ಲ ಅವರು ಹೇಳಿದಂತೆಯೇ ಆಗಬೇಕು. ಎತ್ತಿನ ಲೆಕ್ಕ ನಾಯಿಮರಿಗೆ ಸಲ್ಲದು. ಮನೆಯಲ್ಲಿ ಬೆಕ್ಕು ಇದ್ದರಂತೂ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಹಚ್ಚಿದ ನಾಯಿಯ ಮೈ ಒಣಗುವ ತನಕ ಅದನ್ನು ಬೆಕ್ಕಿನ ಹತ್ತಿರ ಬಿಡಬಾರದು. ಬೆಕ್ಕಿನ ದೇಹಕ್ಕೆ ಈ ವರ್ಗದ ಔಷಧಗಳನ್ನು ಅರಗಿಸಿಕೊಳ್ಳುವ ಶಕ್ತಿಯಿಲ್ಲ.

ಹಾಗಾದರೆ ತೆಗೆಯುವುದು ಹೇಗೆ? ಇದಕ್ಕೆ ಬೇಕಾದುದು ಮುಳ್ಳು ತೆಗೆಯುವ ಚೂಪು ತುದಿಯ ಚಿಮಟ, ಮುಚ್ಚಳವಿರುವ ಒಂದು ಸಣ್ಣ ಬಾಟಲಿಯಲ್ಲಿ ಸ್ವಲ್ಪ ಸ್ಪಿರಿಟ್, ಕೈಗೆ ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ, ಒಳ್ಳೆಯ ಬೆಳಕು. ಜೊತೆಗೆ ನಾಯಿ ನಂಬುವ ಒಬ್ಬ ಮನುಷ್ಯ. ಅವರು ತಲೆಯ ಕಡೆ ಕುಳಿತು ಮಾತನಾಡಿಸುತ್ತ ಹಿಡಿದಿರಬೇಕು. ಬೆರಳುಗಳಿಂದ ಕೂದಲನ್ನು ಎರಡು ಕಡೆಗೆ ಸರಿಸಿ ಉಣ್ಣಿಯನ್ನು ಬುಡದವರೆಗೆ ಕಾಣುವಂತೆ ಮಾಡಿಕೊಳ್ಳಬೇಕು. ಚಿಮಟದಿಂದ ಹಿಡಿಯುವುದು ಉಣ್ಣಿಯ ಉಬ್ಬಿದ ಹೊಟ್ಟೆಯನ್ನಲ್ಲ. ಚರ್ಮಕ್ಕೆ ಆದಷ್ಟು ಹತ್ತಿರ, ಅದರ ತಲೆಯ ಭಾಗವನ್ನು. ಹೊಟ್ಟೆ ಹಿಡಿದು ಒತ್ತಿದರೆ ಒಳಗಿನದೆಲ್ಲ ಗಾಯಕ್ಕೆ ಸೇರುತ್ತದೆ. ಹಿಡಿದ ಮೇಲೆ ನೇರವಾಗಿ ಮೇಲಕ್ಕೆ, ಒಂದೇ ಸಮನಾದ ಬಲದಿಂದ, ಅವಸರವಿಲ್ಲದೆ ಎಳೆಯಬೇಕು. ಜಗ್ಗುವುದೂ ಬೇಡ, ತಿರುಚುವುದೂ ಬೇಡ. ಚರ್ಮ ಗುಡಾರದಂತೆ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಆಗ ಗಾಬರಿಯಾಗಿ ಬಿಟ್ಟುಬಿಡದೆ ಅದೇ ಬಲದಲ್ಲಿ ಹಿಡಿದಿದ್ದರೆ ಕೆಲವು ಕ್ಷಣಗಳಲ್ಲಿ ಅಂಟು ಸಡಿಲಿ ಉಣ್ಣಿ ಇಡಿಯಾಗಿ ಬರುತ್ತದೆ. ಪೇಟೆಯಲ್ಲಿ ಕವಲು ತುದಿಯ ಪ್ಲಾಸ್ಟಿಕ್ ಕೊಕ್ಕೆಗಳೂ ಸಿಗುತ್ತವೆ. ಅವನ್ನು ಉಣ್ಣಿಯ ಕೆಳಗೆ ತೂರಿಸಿ ಮೆಲ್ಲನೆ ತಿರುಗಿಸುವ ಕ್ರಮವಿದೆ. ಅದು ಆ ಸಾಧನಕ್ಕೆ ಮಾತ್ರ ಸಲ್ಲುವ ಕ್ರಮ, ಚಿಮಟಕ್ಕಲ್ಲ.

ಎಳೆಯುವ ಮೊದಲು ಅದು ಉಣ್ಣಿಯೇ ಹೌದೇ ಎಂದು ನೋಡುವುದು ಒಳ್ಳೆಯದು. ನಗೆಯ ಮಾತಲ್ಲ. ಗಂಡು ನಾಯಿಗೂ ಹೊಟ್ಟೆಯ ಮೇಲೆ ಮೊಲೆತೊಟ್ಟುಗಳಿರುತ್ತವೆ. ಮುದಿ ನಾಯಿಗಳಿಗೆ ಮೈಮೇಲೆ ನರೂಲಿಗಳಾಗುತ್ತವೆ. ಇವನ್ನು ಉಣ್ಣಿಯೆಂದು ಚಿಮಟದಿಂದ ಕಿತ್ತು ರಕ್ತ ಬರಿಸಿದವರುಂಟು. ಬುಡದಲ್ಲಿ ಕಾಲುಗಳು ಕಂಡರೆ ಅದು ಉಣ್ಣಿ.

ತೆಗೆದ ಉಣ್ಣಿಯನ್ನು ಉಗುರಿನಿಂದ ಕುಕ್ಕುವುದು, ಕಲ್ಲಿನ ಮೇಲಿಟ್ಟು ಜಜ್ಜುವುದು ನಮ್ಮವರ ಬಹು ದಿನದ ಅಭ್ಯಾಸ. ಅದನ್ನು ಬಿಡಬೇಕು. ಜಜ್ಜಿದಾಗ ಸಿಡಿಯುವ ರಕ್ತದಲ್ಲಿ ರೋಗಾಣುಗಳಿದ್ದರೆ ಕೈಯ ಸಣ್ಣ ಗೀರಿನ ಮೂಲಕ, ಕಣ್ಣಿನ ಮೂಲಕ ಅವು ನಮ್ಮನ್ನೂ ಸೇರಬಲ್ಲವು. ಅಂಗಳಕ್ಕೆ ಎಸೆದರೆ, ಹೊಟ್ಟೆ ತುಂಬಿದ ಹೆಣ್ಣಾಗಿದ್ದ ಪಕ್ಷದಲ್ಲಿ ಅದು ಗೋಡೆಯ ಬಿರುಕು ಹುಡುಕಿ ಮೊಟ್ಟೆಯಿಡುತ್ತದೆ. ಬರಿಯ ನೀರಿನಲ್ಲಿ ಉಣ್ಣಿ ಬೇಗ ಸಾಯುವುದಿಲ್ಲ. ಸ್ಪಿರಿಟ್ ಇರುವ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಕು. ಅದಿಲ್ಲದಿದ್ದರೆ ಅಂಟುಪಟ್ಟಿಯ ನಡುವೆ ಒತ್ತಿ ಮುಚ್ಚಬಹುದು, ಇಲ್ಲವೇ ಕುದಿಯುವ ನೀರಿಗೆ ಹಾಕಬಹುದು. ಆಮೇಲೆ ಕಚ್ಚಿದ ಜಾಗವನ್ನು ಸೋಪು ನೀರಿನಿಂದ ತೊಳೆದು ಪೋವಿಡೋನ್ ಅಯೋಡಿನ್ ಸವರಿ, ಚಿಮಟವನ್ನೂ ಕೈಗಳನ್ನೂ ಚೆನ್ನಾಗಿ ತೊಳೆದುಕೊಳ್ಳಬೇಕು.

ಉಣ್ಣಿಯ ತಲೆ ಒಳಗೇ ಉಳಿದರೆ ಏನು ಗತಿ ಎಂಬುದು ಎಲ್ಲರ ಭಯ. ಉಳಿಯುವುದು ತಲೆಯಲ್ಲ, ಬಾಯಿಯ ಒಂದು ಚೂರು. ಅದಕ್ಕಾಗಿ ಸೂಜಿಯಿಂದ, ಪಿನ್ನಿನಿಂದ ಬಗೆದು ಗಾಯ ಮಾಡುವ ಅಗತ್ಯವಿಲ್ಲ. ಮುಳ್ಳಿನ ಮೊನೆಯಂತೆ ಚರ್ಮವೇ ಅದನ್ನು ದಿನಕ್ರಮದಲ್ಲಿ ಹೊರದೂಡುತ್ತದೆ. ಅಲ್ಲೊಂದು ಸಣ್ಣ ಗಂಟು ಕೆಲವು ದಿನ ಉಳಿಯಬಹುದು. ಕೀವಾದರೆ, ಊತ ಹೆಚ್ಚಿದರೆ ವೈದ್ಯರಿಗೆ ತೋರಿಸಬೇಕು. ಕಿವಿಯ ಒಳಗುಂಡಿಯಲ್ಲಿ, ಕಣ್ಣಿನ ರೆಪ್ಪೆಯಂಚಿನಲ್ಲಿ ಕುಳಿತವನ್ನೂ ವೈದ್ಯರಿಗೇ ಬಿಡುವುದು ಲೇಸು. ಒಂದೆರಡಲ್ಲ, ನೂರಾರು ಉಣ್ಣಿಗಳು ಮುತ್ತಿಕೊಂಡಿರುವ ನಾಯಿಯನ್ನು ಚಿಮಟ ಹಿಡಿದು ಕುಳಿತು ಗೆಲ್ಲಲಾಗದು. ಅಂಥ ನಾಯಿಗೆ ಔಷಧವೇ ಬೇಕು, ಪ್ರಾಯಶಃ ರಕ್ತಹೀನತೆಗೆ ಚಿಕಿತ್ಸೆಯೂ ಬೇಕು.

ಇಷ್ಟೆಲ್ಲ ಜತನವೇಕೆಂದರೆ ಉಣ್ಣಿ ರಕ್ತ ಹೀರುವ ಕಳ್ಳನಷ್ಟೇ ಅಲ್ಲ, ರೋಗ ಹೊರುವ ದೂತ. ಪ್ರಾಣಿಗಳ ರೋಗವನ್ನು ಇಂಥ ಸಣ್ಣ ಜೀವಿ ಹೊತ್ತು ತಿರುಗಬಲ್ಲದೆಂದು ಮೊದಲು ಖಚಿತವಾಗಿ ತೋರಿಸಿಕೊಟ್ಟುದೇ ಉಣ್ಣಿಯ ವಿಷಯದಲ್ಲಿ. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್ಬೋರ್ನ್ ಎಂಬವರು ದನಗಳ ಟೆಕ್ಸಾಸ್ ಜ್ವರ ಉಣ್ಣಿಯಿಂದ ಹರಡುತ್ತದೆಂದು ಪ್ರಕಟಿಸಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ನಮ್ಮ ದೇಶದಲ್ಲಿ ಕಂಡುಕೊಂಡದ್ದು ಅದಾದ ನಾಲ್ಕು ವರ್ಷಗಳ ಮೇಲೆ, 1897ರಲ್ಲಿ. ನಾಯಿಗಳನ್ನು ಕಾಡುವ ಎರ್ಲಿಕಿಯಾ ಎಂಬ ರೋಗಾಣುವನ್ನು 1935ರಲ್ಲಿ ಅಲ್ಜೀರಿಯಾದಲ್ಲಿ ಗುರುತಿಸಲಾಯಿತು. ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ನೂರಾರು ತರಬೇತಾದ ನಾಯಿಗಳು ಇದೇ ರೋಗಕ್ಕೆ ಬಲಿಯಾದ ಮೇಲೆ ಜಗತ್ತು ಇದನ್ನು ಗಂಭೀರವಾಗಿ ತೆಗೆದುಕೊಂಡಿತು.

ನಮ್ಮ ರಾಜ್ಯದ ನಾಯಿಗಳಲ್ಲಿ ಎರ್ಲಿಕಿಯಾ, ಬೆಬೀಸಿಯಾ ಎರಡೂ ಸಾಮಾನ್ಯ. ಉಣ್ಣಿ ಜ್ವರ ಎಂದು ಪಶುವೈದ್ಯರು ಕರೆಯುವುದು ಇವನ್ನೇ. ಎರ್ಲಿಕಿಯಾ ಉಣ್ಣಿ ಕಚ್ಚಿದ ಕೆಲವು ಗಂಟೆಗಳಲ್ಲಿಯೇ ದಾಟಬಲ್ಲದು. ಬೆಬೀಸಿಯಾಕ್ಕೆ ಒಂದೆರಡು ದಿನ ಬೇಕಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೋಡಿದರಾಯಿತು ಎಂಬುದಕ್ಕಿಂತ ದಿನಕ್ಕೊಮ್ಮೆ ಐದು ನಿಮಿಷ ಕೈಯಾಡಿಸುವುದೇ ಮೇಲು. ಕಿವಿಯ ಹಿಂದೆ ಮುಂದೆ, ಕೊರಳಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದಿ, ಬಾಲದ ಬುಡ, ಕಾಲ್ಬೆರಳ ನಡುವೆ ಮುಖ್ಯವಾಗಿ ತಡಕಬೇಕು. ಉಣ್ಣಿ ತೆಗೆದ ಮೇಲಿನ ಎರಡು ಮೂರು ವಾರ ನಾಯಿಯ ಮೇಲೆ ಕಣ್ಣಿರಲಿ. ಮೇವು ಬಿಟ್ಟರೆ, ಮಂಕಾಗಿ ಮೂಲೆ ಹಿಡಿದರೆ, ಮೈ ಬಿಸಿಯಾದರೆ, ತುಟಿ ಎತ್ತಿ ನೋಡಿದಾಗ ಒಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಚಹದ ಕಷಾಯದಂತೆ ಕಂದಾದರೆ ತಡಮಾಡಬಾರದು. ರಕ್ತ ಪರೀಕ್ಷೆಯಿಂದ ರೋಗ ತಿಳಿಯುತ್ತದೆ, ಮದ್ದೂ ಇದೆ. ಎರ್ಲಿಕಿಯಾಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ನುಂಗಿಸಬೇಕಾಗುತ್ತದೆ. ಮೂರನೆಯ ದಿನ ನಾಯಿ ಎದ್ದು ರೊಟ್ಟಿ ತಿಂದಿತೆಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು. ರೋಗ ಆಗ ಅಡಗಿ ಕುಳಿತು ತಿಂಗಳುಗಳ ಮೇಲೆ ಮಜ್ಜೆಯನ್ನೇ ಹಾಳುಮಾಡಿಕೊಂಡು ಮರಳುತ್ತದೆ. ಆ ಹಂತದಲ್ಲಿ ಉಳಿಸುವುದು ಕಷ್ಟ.

ನಾಯಿಯ ಮೈ ಶುದ್ಧವಾದರೂ ಮತ್ತೆ ಮತ್ತೆ ಉಣ್ಣಿ ಹತ್ತುತ್ತದೆಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಕಾರಣ ಸ್ಪಷ್ಟವಾಗಿದೆ. ಕಂದು ಉಣ್ಣಿ ತನ್ನ ಆಯುಷ್ಯದ ಹೆಚ್ಚು ಭಾಗ ಕಳೆಯುವುದು ನಾಯಿಯ ಮೈಮೇಲಲ್ಲ, ಅದು ಮಲಗುವ ಜಾಗದ ಸುತ್ತಮುತ್ತ. ಮರಿಯಾಗಿ ಒಮ್ಮೆ, ಎಳೆಯ ಪ್ರಾಯದಲ್ಲಿ ಒಮ್ಮೆ, ಬೆಳೆದ ಮೇಲೆ ಒಮ್ಮೆ ನಾಯಿಯ ಮೇಲೇರಿ ರಕ್ತ ಕುಡಿದು, ಪ್ರತಿ ಸಲವೂ ಕೆಳಗಿಳಿಯುತ್ತದೆ. ಕೊನೆಯ ಸಲ ಇಳಿದ ಹೆಣ್ಣು ಗೋಡೆಯ ಬಿರುಕಿನಲ್ಲಿ, ಕಲ್ಲುಚಪ್ಪಡಿಯ ಸಂದಿನಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ ನಾಲ್ಕು ಸಾವಿರದವರೆಗೆ ಮೊಟ್ಟೆಯಿಟ್ಟು ಸಾಯುತ್ತದೆ. ಅನ್ನವಿಲ್ಲದೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಉಣ್ಣಿಗಿದೆ. ಆದ್ದರಿಂದ ನಾಯಿಯ ಹಾಸಿಗೆಯ ಗೋಣಿತಟ್ಟನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಬೇಕು ಅಥವಾ ಸುಟ್ಟು ಹೊಸದನ್ನು ಹಾಕಬೇಕು. ಬಿರುಕುಗಳನ್ನು ಗಾರೆ ಸಿಮೆಂಟಿನಿಂದ ಮುಚ್ಚಬೇಕು. ಅದು ಮಲಗುವ ಪಡಸಾಲೆಯನ್ನು ಮೂಲೆಮೂಲೆ ಗುಡಿಸಿ ಬಿಸಿನೀರಿನಿಂದ ತೊಳೆಯಬೇಕು. ದನದ ಮೈಯ ಉಣ್ಣಿಯನ್ನು ಕುಕ್ಕಿ ತಿನ್ನುವ ಊರಕೋಳಿಗಳು ಹಿತ್ತಲಲ್ಲಿ ಅಲೆದಾಡಿಕೊಂಡಿದ್ದ ಕಾಲದಲ್ಲಿ ಈ ಕೆಲಸದ ಒಂದು ಪಾಲನ್ನು ಅವೇ ಮಾಡುತ್ತಿದ್ದವು.

ಪ್ರಸಾದ ನಿಲಯಗಳ ವ್ಯವಸ್ಥಾಪಕರಿಗೆ ನಾವು ಈ ಮಾತನ್ನು ವಿಶೇಷವಾಗಿ ಹೇಳಬಯಸುತ್ತೇವೆ. ನಾಯಿ ಸಿಗದಾಗ ಕಂದು ಉಣ್ಣಿ ಮನುಷ್ಯರನ್ನೂ ಕಚ್ಚುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗುವ ಮಕ್ಕಳು ಅದಕ್ಕೆ ಸುಲಭದ ತುತ್ತು. ಭಾರತದ ಉಣ್ಣಿ ಟೈಫಸ್ ಎಂಬ ಜ್ವರವನ್ನು ಹರಡುವವುಗಳಲ್ಲಿ ಇದೂ ಒಂದು. ತೀವ್ರ ತಲೆನೋವು, ಜ್ವರ, ಅಂಗೈ ಅಂಗಾಲುಗಳಲ್ಲೂ ಕಾಣಿಸಿಕೊಳ್ಳುವ ಕೆಂಪು ಗಂಧೆಗಳು ಅದರ ಗುರುತು. ಹಾಸ್ಟೆಲಿನ ಮಗುವಿಗೆ ಜ್ವರ ಬಂದಾಗ ಡೆಂಗ್ಯೂ ಪರೀಕ್ಷೆ, ಟೈಫಾಯ್ಡ್ ಪರೀಕ್ಷೆ ಮಾಡಿಸುವ ನಾವು, ಮೈಮೇಲೆ ಉಣ್ಣಿ ಕಂಡಿತ್ತೆಂಬ ಒಂದು ಮಾತನ್ನು ವೈದ್ಯರಿಗೆ ಹೇಳುವುದನ್ನು ಮರೆಯುತ್ತೇವೆ. ಆ ಮಾತು ಹೇಳಿದರೆ ಸಕಾಲಕ್ಕೆ ಸರಿಯಾದ ಮದ್ದು ಸಿಗುತ್ತದೆ. ಮಕ್ಕಳ ಮೈಯಿಂದ ಉಣ್ಣಿ ತೆಗೆಯುವ ಕ್ರಮವೂ ಮೇಲೆ ಹೇಳಿದ್ದೇ.

ಮಲೆನಾಡಿನ ಭಕ್ತರಿಗೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗು. ಅದು ನಾಯಿಯ ಕಂದು ಉಣ್ಣಿಯಲ್ಲ, ಬೇರೆ ಜಾತಿ. ಆದರೆ ಸೌದೆಗೆ, ದರಗಿಗೆ ಹೋದವರ ಹಿಂದೆ ಕಾಡು ಹೊಕ್ಕು ಬರುವ ನಾಯಿ ಆ ಉಣುಗನ್ನೂ ಮೈಮೇಲೆ ಹೊತ್ತು ಅಂಗಳಕ್ಕೆ ತರಬಲ್ಲದು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಸಣ್ಣ ಮರಿ ಉಣುಗುಗಳು ಹೆಚ್ಚಿರುವ ಕಾಲದಲ್ಲಿ, ಕಾಡಿನಿಂದ ಮರಳಿದ ನಾಯಿಯನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಮುನ್ನ ಹೊರಗೇ ಪರೀಕ್ಷಿಸಬೇಕು; ನಾವು ಕೂಡ ಬಿಸಿನೀರು ಸೋಪಿನಿಂದ ಸ್ನಾನಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಆ ಭಾಗದಲ್ಲಿ ಬರಿಗೈಯಿಂದ ಉಣುಗನ್ನು ಮುಟ್ಟುವ ಮಾತೇ ಇಲ್ಲ.

ತಡೆಯುವ ಔಷಧಗಳ ಬಗೆಗೆ ಒಂದೆರಡು ಮಾತು. ಹೆಗಲ ನಡುವೆ ಹನಿಸುವ ದ್ರವ, ಕೊರಳಪಟ್ಟಿ, ಬಾಯಿಗೆ ಹಾಕುವ ಮಾತ್ರೆ ಎಲ್ಲವೂ ಈಗ ದೊರೆಯುತ್ತವೆ. ಐಸಾಕ್ಸಜೋಲಿನ್ ವರ್ಗದ ಮಾತ್ರೆ ಒಮ್ಮೆ ನುಂಗಿಸಿದರೆ ಒಂದು ತಿಂಗಳು, ಕೆಲವು ಬಗೆಯವು ಮೂರು ತಿಂಗಳು ಕಾಯುತ್ತವೆ. ಮೂರ್ಛೆ ರೋಗವಿರುವ ನಾಯಿಗೆ ಅವು ತಕ್ಕವಲ್ಲದಿರಬಹುದು. ಬೆಲೆ ಹೆಚ್ಚೆಂಬುದು ನಿಜ. ಒಂದು ಚೀಲ ಗೊಬ್ಬರಕ್ಕೆ ಕೊಡುವ ಹಣವನ್ನು ನಾಯಿಗೆ ಕೊಡಬೇಕೇ ಎಂದು ರೈತ ಕೇಳಿದರೆ ನಾವು ಅವನನ್ನು ಗದರುವುದಿಲ್ಲ. ಚಿಮಟದ ದಾರಿಯನ್ನು ಇಷ್ಟು ವಿಸ್ತಾರವಾಗಿ ಬರೆದುದೇ ಅದಕ್ಕಾಗಿ. ಅದಕ್ಕೆ ಹಣ ಬೇಡ, ದಿನಕ್ಕೆ ಐದು ನಿಮಿಷ ಸಾಕು.

ಆದರೆ ಆ ಐದು ನಿಮಿಷ ಕೊಡಬೇಕಾದವರು ಯಾರು? ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ಮನೆಯ ಯಜಮಾನ ನಾಯಿಯ ಕೆಲಸ ಬಂದಾಗ ಅದನ್ನು ಹತ್ತು ವರ್ಷದ ಹುಡುಗನಿಗೋ ಆಳುಮಗನಿಗೋ ವಹಿಸುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಇದು ಸರಿಯಲ್ಲ. ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚೀತು. ರೇಬೀಸ್ ಲಸಿಕೆ ಹಾಕಿಸದ ನಾಯಿಯಾದರೆ ಆ ಕಡಿತ ಮಗುವಿನ ಪ್ರಾಣಕ್ಕೇ ಕುತ್ತು. ದೊಡ್ಡವರೇ ಕುಳಿತು ತೆಗೆಯಬೇಕು, ಬೇಕಾದರೆ ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿಕೊಳ್ಳಬೇಕು. ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಬೀದಿಯ ನಾಯಿಗಳ ವಿಷಯದಲ್ಲಿ ದಿನವೂ ಅನ್ನ ಹಾಕಿ, ಅವು ನಂಬಿ ಮೈ ಮುಟ್ಟಗೊಡುವಷ್ಟು ಸಲಿಗೆ ಬೆಳೆದವರು ಮಾತ್ರ ಕೈಹಾಕಬೇಕು. ದಾಸೋಹದಲ್ಲಿ ಉಳಿದ ಪ್ರಸಾದವನ್ನು ಅವುಗಳಿಗೆ ತಪ್ಪದೆ ಹಾಕುವ ತಾಯಂದಿರನ್ನೂ ಅಡುಗೆಯವರನ್ನೂ ನಾವು ಬಲ್ಲೆವು. ಅವರಿಗೆ ಆ ಸಲಿಗೆ ಈಗಾಗಲೇ ಇದೆ.

ಎತ್ತಿಗೆ ನೊಗ ಹೂಡದ ಸೋಮವಾರವನ್ನು ನಾಯಿಯ ಹಾಸು ಬದಲಿಸುವ, ಪಡಸಾಲೆ ತೊಳೆಯುವ ದಿನವೆಂದು ಇಟ್ಟುಕೊಂಡರೆ ಲೆಕ್ಕ ತಪ್ಪದು. ಮಠದ ಶಾಖೆಗಳಲ್ಲಿ, ಪ್ರಸಾದ ನಿಲಯಗಳಲ್ಲಿ ಒಂದು ಚಿಮಟ, ಸ್ಪಿರಿಟ್ ತುಂಬಿದ ಬಾಟಲಿ, ಒಂದು ಜೊತೆ ಕೈಗವಸನ್ನು ಚೀಲದಲ್ಲಿ ಹಾಕಿ, ಅಡುಗೆಮನೆಯಿಂದ ದೂರವಾಗಿ, ಮಕ್ಕಳ ಕೈಗೆ ಎಟುಕದ ಎತ್ತರದ ಮೊಳೆಗೆ ತೂಗುಹಾಕಿರಬೇಕೆಂದು ನಮ್ಮ ವಿನಂತಿ. ಕೊಟ್ಟಿಗೆಯ ಮಾಡದಲ್ಲಿರುವ ಬೆಳೆ ಔಷಧದ ಡಬ್ಬಿಗೆ ಇಂದೇ ಬೀಗವಿರುವ ಪೆಟ್ಟಿಗೆಯೊಂದನ್ನು ಗೊತ್ತುಮಾಡಬೇಕು.